ಕುಣಿಯ ಮೇಲೊಂದು ಮೇಜು

ಹಳೆಯ ಮಗ್ಗದ ತೊಲೆಯನ್ನು ಕೊಯ್ದರೆ ಮರದ ವಾಸನೆ ಬರುವುದಿಲ್ಲ, ಗಂಜಿಯ ವಾಸನೆ ಬರುತ್ತದೆ. ವರ್ಷಗಟ್ಟಲೆ ನೂಲಿನ ಗಂಜಿ, ನೇಯುವವರ ಬೆವರು, ದೀಪದ ಎಣ್ಣೆ ಎಲ್ಲ ಕುಡಿದು ಕೂತ ಮರ ಅದು. ಮೊನ್ನೆ ನಮ್ಮ ಬನಹಟ್ಟಿಯ ಅಂಗಡಿಗೆ ಯಾರೋ ಅಂಥದೊಂದು ತೊಲೆ ತಂದು, ಟಿ.ವಿ. ಇಡುವ ಶೋಕೇಸಿಗೆ ಇದನ್ನೇ ಹಾಕಿ ಅಂದರು. ಮಷಿನ್ನಿಗೆ ಕೊಟ್ಟೆ. ಹುಳಿಹುಳಿಯಾದ ಆ ವಾಸನೆ ಮೂಗಿಗೆ ಅಡರಿದ್ದೇ ತಡ, ಮಷಿನ್ ಬಂದ್ ಮಾಡಿ ಹೊರಗಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಭುಜವೂ ನೋಯುತ್ತಿತ್ತು ಅನ್ನಿ. ಈಗೀಗ ನನಗೆ ಕೂರಲು ಒಂದು ನೆಪ ಸಿಕ್ಕರೆ ಸಾಕು.

ನೆನಪಾದದ್ದು ಹೊಳೆ ಬಂದ ವರ್ಷದ ಮಳೆಗಾಲ. ಮಳೆಗಾಲ ಅನ್ನುವುದು ಹೆಸರಿಗೆ. ನಮ್ಮಲ್ಲಿ ಹನಿ ಬಿದ್ದಿರಲಿಲ್ಲ. ಮಳೆ ಆಗುವುದು ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ, ನೀರು ಬರುವುದು ನಮ್ಮ ಕೃಷ್ಣೆಗೆ, ಘಟಪ್ರಭೆಗೆ. ಚುರುಗುಟ್ಟುವ ಬಿಸಿಲಲ್ಲಿ ನಿಂತು, ಹೊಳೆ ಏರಿ ಕಬ್ಬಿನ ಗದ್ದೆ ನುಂಗುವುದನ್ನು ನೋಡುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಕಂಡವರ ಮಳೆಗೆ ನಾವು ಒದ್ದೆಯಾಗುವುದು ರೂಢಿಯಾಗಿಬಿಟ್ಟಿದೆ.

ನಾನು ಬಡಿಗರ ಮೌನೇಶ. ನಮ್ಮಪ್ಪ ಕೈಮಗ್ಗ ಮಾಡುತ್ತಿದ್ದ. ಮಗ್ಗದ ಕೀಲುಗಳಿಗೆ ಅವನು ಮೊಳೆ ಹೊಡೆಯುತ್ತಿರಲಿಲ್ಲ. ತೂತಿನಲ್ಲಿ ಮರ ಕೂರಿಸಿ, ಮೇಲೆ ಬೆಣೆ ಬಡಿಯುತ್ತಿದ್ದ. ನಮ್ಮ ಬಿಸಿಲಿಗೆ ಮರ ಒಣಗಿ ಕುಗ್ಗುತ್ತದೆ, ಬೆಣೆ ಸಡಿಲಾಗುತ್ತದೆ, ಮಗ್ಗ ಕರಕರ ಅನ್ನತೊಡಗುತ್ತದೆ. ಅದಕ್ಕೇ ಯುಗಾದಿಯ ಮರುದಿನದಿಂದ ಅಪ್ಪ ಕೊಡತಿ ಎಂಬ ಮರದ ಸುತ್ತಿಗೆಯನ್ನು ಹೆಗಲಿಗಿಟ್ಟುಕೊಂಡು ಓಣಿ ಓಣಿ ತಿರುಗಿ, ಮನೆಮನೆಯ ಮಗ್ಗಕ್ಕೂ ಬೆಣೆ ಬಡಿದು ಬರುತ್ತಿದ್ದ. ಕೂಲಿ ಕೇಳುವ ಪದ್ಧತಿ ಇರಲಿಲ್ಲ. ಹೋಳಿಗೆ ಕಟ್ಟಿಕೊಡುತ್ತಿದ್ದರು. ಮನೆಗೆ ಬಂದು ಅವನು ತೋಳು ಎತ್ತಲಾಗದೆ ಅವ್ವನ ಕೈಯಿಂದ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದದ್ದನ್ನು ನೋಡಿ ನೋಡಿ ನನಗೆ ಬೆಣೆಯ ಮೇಲೇ ಸಿಟ್ಟು. ಕಬ್ಬಿಣದ ಪವರ್‌ಲೂಮು ಬಂದಾಗ ನೇಕಾರರಿಗಿಂತ ನನಗೇ ಹೆಚ್ಚು ಖುಷಿಯಾಯಿತು. ಕಬ್ಬಿಣಕ್ಕೆ ಬೆಣೆ ಬೇಡ. ಪ್ಲೈವುಡ್ ಕೊಯ್ಯುವುದು, ಅಂಟು ಹಚ್ಚುವುದು, ಸ್ಕ್ರೂ ತಿರುವುವುದು, ಸಾಮಾನು ಟೆಂಪೋ ಹತ್ತಿಸಿ ಕೈ ತೊಳೆದುಕೊಳ್ಳುವುದು. ಅಲ್ಲಿಗೆ ಆ ಮನೆಯ ಋಣ ಹರಿಯಿತು ಅಂದುಕೊಂಡು ಬದುಕಿದವನು ನಾನು.

ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲಿ ಶಾಂತವ್ವನ ಮನೆ. ಅಪ್ಪ ಮಾಡಿಕೊಟ್ಟ ಕುಣಿಮಗ್ಗ ಆಕೆಯದು. ಕುಣಿಮಗ್ಗ ಎಂದರೆ ನೆಲದಲ್ಲೇ ಒಂದು ಕುಣಿ ತೋಡಿ, ನೇಯುವವರು ಅದರ ಅಂಚಿಗೆ ಕೂತು, ಕಾಲನ್ನು ಕೆಳಗೆ ಇಳಿಬಿಟ್ಟು ಹಲಗೆ ತುಳಿಯುವಂಥ ಮಗ್ಗ. ಮದುವೆಯಾಗಿ ಬಂದಾಗಿನಿಂದ ಶಾಂತವ್ವ ಅದರಲ್ಲಿ ಕೂತು ಸೀರೆ ನೇಯ್ದವಳು. ಭುಜ ಹಿಡಿದುಕೊಂಡು ಲಾಳಿ ಎಸೆಯಲಾಗದಂತೆ ಆದಮೇಲೆ ಮಗ್ಗ ನಿಂತಿತು, ಆದರೆ ಆಕೆ ಕುಣಿಯಲ್ಲಿ ಕೂರುವುದು ನಿಲ್ಲಲಿಲ್ಲ. ಅಲ್ಲೇ ಕೂತು ಅಕ್ಕಿ ಹಸನು ಮಾಡುವುದು, ಅಲ್ಲೇ ಚಹಾ, ಅಲ್ಲೇ ಓಣಿಯವರ ಪಂಚಾಯ್ತಿ. ಕುರ್ಚಿಯಲ್ಲಿ ಕೂರಿಸಿದರೆ ಕಾಲು ಜೋಮು ಹಿಡಿಯುತ್ತದೆ, ನೆಲದ ಮೇಲೆ ಕೂತರೆ ಮೊಣಕಾಲು ಮಡಚುವುದಿಲ್ಲ. ಆಕೆಯ ಬೆನ್ನು ಆ ಕುಣಿಯ ಅಳತೆಗೇ ಬೆಳೆದುಬಿಟ್ಟಿತ್ತು.

ಒಂದು ದಿನ ಆಕೆಯ ಮಗ ಸಿದ್ದು ಅಂಗಡಿಗೆ ಬಂದ. ಪವರ್‌ಲೂಮಿನ ಶೆಡ್ಡು ನಡೆಸುವ ಹುಡುಗ, ಮಾತು ಕಡಿಮೆ.

"ಕಾಕಾ, ಮಗ್ಗ ಬಿಚ್ಚಿಕೊಂಡ ಹೋಗ್ರಿ. ಗಣಪತಿ ಹಬ್ಬದೊಳಗ ಕುಣಿ ಮುಚ್ಚಿಸಿ ಟೈಲ್ಸ್ ಹಾಕಸ್ತೇನಿ."

"ನಿಮ್ಮವ್ವ?"

"ನೀವ ಹೇಳ್ರಿ ಅಕೀಗೆ," ಅಂದ.

ಹೋದೆ. ಶಾಂತವ್ವ ಕುಣಿಯಲ್ಲಿದ್ದಳು. ನನ್ನ ಕೈಯಲ್ಲಿನ ಸುತ್ತಿಗೆ ನೋಡಿದಳು.

"ಬಾರಪಾ ಯಮದೂತ. ನಿಮ್ಮಪ್ಪ ಕಟ್ಟಾಕ ಬರ್ತಿದ್ದ, ನೀ ಬಿಚ್ಚಾಕ ಬಂದಿ. ನನ್ನ ಕುಣಿ ಹೆಂಗೂ ಆಮ್ಯಾಲ ತೋಡೂದೈತಿ, ಆವಾಗ ಮುಚ್ಚೀರಂತ. ಈಗ ಇದನ್ನ ಮುಚ್ಚಿದ್ರ ನಾ ಎಲ್ಲಿ ಕುಂದರಲೋ?"

ಸೊಸೆ ಸವಿತಾ ಒಳಗಿನಿಂದ ಮಗಳನ್ನು ಎಳೆದುಕೊಂಡು ಬಂದು ನಿಲ್ಲಿಸಿದಳು. ಆಗಷ್ಟೇ ನಡೆಯಲು ಕಲಿತಿದ್ದ ಕೂಸು. ಗದ್ದದ ಮೇಲೆ ಹೊಲಿಗೆ.

"ನೋಡ್ರಿ ಕಾಕಾ. ಹೋದ ವಾರ ಕುಣ್ಯಾಗ ಬಿತ್ತು. ಕಣ್ಣಿಗೆ ಬಡಿದಿದ್ರ? ಅತ್ತಿ ಏಳೂದ ತಡ, ಇದು ಅಲ್ಲೇ ಹೊಕ್ಕೈತಿ. ಮ್ಯಾಲ ಚೇಳು. ನಾ ಅಡಗಿ ಮಾಡ್ಲ್ಯೋ, ಕುಣಿ ಕಾಯ್ಲ್ಯೋ?"

ಇಬ್ಬರ ಮಾತೂ ಖರೆ. ನಾಳೆ ಬರುತ್ತೇನೆ ಎಂದು ಎದ್ದು ಬಂದೆ. ಜಗಳದ ನಡುವೆ ನಾಳೆ ಅನ್ನುವುದು ಬಡಿಗರ ಹಳೆಯ ಉಪಾಯ.

ಆ ದಿನಗಳಲ್ಲಿ ನನ್ನ ಅಂಗಡಿಯಲ್ಲಿ ಒಬ್ಬ ಅತಿಥಿ ಇದ್ದ. ಯೂಕಾ ಎಂಬ ಜಪಾನಿನ ಹೆಣ್ಣುಮಗಳು ರಬಕವಿಯ ಜವಳಿ ವ್ಯಾಪಾರಿಯೊಬ್ಬರ ಹತ್ತಿರ ಹತ್ತಿಯ ಬಟ್ಟೆ ನೇಯಿಸಲು ಬಂದಿದ್ದಳು. ಜಮಖಂಡಿಯ ಲಾಡ್ಜಿನಲ್ಲಿ ಇಳಿದಿದ್ದಳು. ಜೊತೆಗೆ ಅವಳಪ್ಪ ಕೆಂಜಿ. ಆತ ಮೇಜು, ಕಪಾಟು ಮಾಡುವ ಬಡಿಗ. ಹೆಂಡತಿ ಹೋದಮೇಲೆ ಅಂಗಡಿ ಮುಚ್ಚಿದವನನ್ನು ಒಬ್ಬನೇ ಬಿಟ್ಟು ಬರಲಾಗದೆ ಮಗಳು ಕರೆತಂದಿದ್ದಳು. ಬಟ್ಟೆಯ ವ್ಯವಹಾರ ನೋಡುತ್ತ ಆತ ಆಕಳಿಸುವುದನ್ನು ಕಂಡ ವ್ಯಾಪಾರಿ, ನಮ್ಮ ಅಂಗಡಿಯಲ್ಲಿ ತಂದು ಬಿಟ್ಟರು. ಓಣಿಯವರು ಎರಡೇ ದಿನದಲ್ಲಿ ಅವನನ್ನು ಕೆಂಚಪ್ಪ ಮಾಡಿದರು.

ಕೆಂಚಪ್ಪ ಬಂದವನೇ ನನ್ನ ಮಷಿನ್ನುಗಳ ಕಡೆ ಕಣ್ಣು ಹಾಯಿಸದೆ, ಮೂಲೆಯಲ್ಲಿ ನೆಲ ಗುಡಿಸಿ ಕೂತ. ಚೀಲದಿಂದ ಬಟ್ಟೆ ಸುತ್ತಿದ ಉಳಿ ತೆಗೆದು, ಕಲ್ಲಿಗೆ ನೀರು ಚಿಮುಕಿಸಿ ಮಸೆಯಲು ಹತ್ತಿದ. ಮಧ್ಯಾಹ್ನದ ಊಟದ ಹೊತ್ತಿಗೂ ಮಸೆಯುತ್ತಲೇ ಇದ್ದ. ನನ್ನ ತಲೆ ಮೇಲೆ ಲಗ್ನದ ಮಂಚದ ಆರ್ಡರು. ಈ ಮುದುಕ ಕೆಲಸ ಯಾವಾಗ ಶುರು ಮಾಡುತ್ತಾನೆ ಎಂದು ನನಗೇ ಸಂಕಟ. ಆಮೇಲೆ ಅವನು ಒಂದು ತುಂಡು ಮರವನ್ನು ಕಾಲ ಬೆರಳಲ್ಲಿ ಒತ್ತಿ ಹಿಡಿದು ಗರಗಸವನ್ನು ತನ್ನ ಕಡೆಗೆ ಎಳೆದ. ನಾವು ನೂಕಿ ಕೊಯ್ಯುತ್ತೇವೆ, ಅವರು ಎಳೆದು ಕೊಯ್ಯುತ್ತಾರೆ. ಅದರಲ್ಲಿ ನನಗೆ ಅಚ್ಚರಿ ಅನ್ನಿಸಲಿಲ್ಲ. ಆ ಕಾಲ ಬೆರಳು ನೋಡಿ ಮಾತ್ರ ಕೈಯಲ್ಲಿದ್ದ ಕೆಲಸ ನಿಲ್ಲಿಸಿದೆ. ನಮ್ಮಪ್ಪನೂ ಹಾಗೇ ನೆಲದಲ್ಲಿ ಕೂತು, ಹಾಗೇ ಕಾಲಲ್ಲಿ ಮರ ಹಿಡಿಯುತ್ತಿದ್ದ. ನಾನು ನಿಂತು ಕೆಲಸ ಮಾಡಲು ಕಲಿತಮೇಲೆ ಹಾಗೆ ಕೂತವರನ್ನು ಕಂಡಿರಲಿಲ್ಲ.

ನಮ್ಮ ಮಾತು ಫೋನಿನಲ್ಲಿ. ಅವನು ಅದಕ್ಕೆ ಜಪಾನಿಯಲ್ಲಿ ಹೇಳುವುದು, ಅದು ನನಗೆ ಕನ್ನಡದಲ್ಲಿ ಹೇಳುವುದು. ಅಂಗಡಿ ಮುಚ್ಚಿದಮೇಲೂ ಉಳಿಗಳನ್ನು ಯಾಕೆ ಹೊತ್ತು ತಂದೆ ಎಂದು ಕೇಳಿದೆ. "ಸುಮ್ಮನೆ ಕುಳಿತರೆ ನನ್ನ ಕೈಗಳು ನೋಯುತ್ತವೆ," ಎಂದಿತು ಫೋನು. ನನಗೋ ಕೆಲಸ ಮಾಡಿದರೆ ನೋಯುತ್ತದೆ. ಇಬ್ಬರೂ ನಕ್ಕೆವು.

ಮರುದಿನ ಮಗ್ಗ ಬಿಚ್ಚಲು ಹೋಗುವಾಗ ಅವನೂ ಹಿಂದೆ ಬಂದ. ಮಗ್ಗದ ಕುಣಿಗೆ ಪರರು ಕಾಲಿಡುವಂತಿಲ್ಲ. ನೇಯುವವರೂ ನೆಲ ಮುಟ್ಟಿ ನಮಸ್ಕರಿಸಿಯೇ ಇಳಿಯುವುದು. ಇದನ್ನು ಅವನಿಗೆ ಹೇಳಬೇಕೆಂದು ನಾನು ಫೋನು ತೆಗೆಯುವಷ್ಟರಲ್ಲಿ ಕೆಂಚಪ್ಪ ಕುಣಿಯ ಹತ್ತಿರ ಹೋಗಿದ್ದ. ಆಗಷ್ಟೇ ಕುಣಿಯಿಂದ ಎದ್ದು ನಿಂತಿದ್ದ ಶಾಂತವ್ವ ಬೈಯಲು ಬಾಯಿ ತೆರೆದಳು. ಅವನು ಚಪ್ಪಲಿ ಹೊಸ್ತಿಲಲ್ಲೇ ಬಿಟ್ಟು ಬಂದಿದ್ದ. ಮಗ್ಗದ ಮುಂದೆ ಸೊಂಟ ಬಗ್ಗಿಸಿ ವಂದಿಸಿದ. ಆಕೆಗೂ ಅಷ್ಟೇ ಬಗ್ಗಿ ವಂದಿಸಿದ. ಆಮೇಲೆ ಮೆಲ್ಲಗೆ ಕೂತು ಕಾಲು ಇಳಿಬಿಟ್ಟ. ಕಣ್ಣು ಮುಚ್ಚಿಕೊಂಡ. ಬಾಯಿ ತೆರೆದ ಶಾಂತವ್ವ ಹಾಗೇ ಮುಚ್ಚಿಕೊಂಡಳು.

ಅವನು ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಹಿಮದ ಗುಡ್ಡದ ಕೆಳಗಿನ ಅವನ ಮನೆ. ಒಳಗೆ ನೆಲದಲ್ಲಿ ಒಂದು ಕುಣಿ. ಕುಣಿಯ ಮೇಲೆ ಗಿಡ್ಡ ಮೇಜು. ಮನೆಯವರೆಲ್ಲ ಸುತ್ತ ಕೂತು ಕಾಲು ಕೆಳಗೆ ಇಳಿಬಿಟ್ಟು ಊಟ ಮಾಡುತ್ತಿದ್ದಾರೆ. ಚಳಿಗಾಲದಲ್ಲಿ ಕುಣಿಯಲ್ಲಿ ಕೆಂಡ ಇಡುತ್ತಾರಂತೆ. ಒಂದು ಬದಿಯಲ್ಲಿ ಅವನ ಹೆಂಡತಿ ಇದ್ದಳು.

"ಅಯ್ಯ, ಇವರ ಮನ್ಯಾಗೂ ಕುಣಿ ಐತಿ!" ಅಂದಳು ಶಾಂತವ್ವ. "ನೋಡ ಸವಿತಾ, ಜಪಾನದವ್ರ ಮುಚ್ಚಿಲ್ಲ."

"ಅವ್ರ ಕುಣಿ ಮ್ಯಾಲ ಮೇಜ ಐತ್ರಿ ಅತ್ತಿ. ಕೂಸು ಬೀಳೂದಿಲ್ಲ," ಅಂದಳು ಸವಿತಾ. ಅಂದವಳು ಫೋಟೋವನ್ನು ಮತ್ತೊಮ್ಮೆ ಇಸಿದುಕೊಂಡು ನೋಡಿದಳು.

ಮೇಜಿನ ಯೋಚನೆ ಹುಟ್ಟಿದ್ದು ಹೀಗೆ. ಮಗ್ಗವನ್ನು ಬಿಚ್ಚಿ, ಅದೇ ಮರದಿಂದ ಕುಣಿಯ ಮೇಲೆ ಮೇಜು. ಮೂರು ಕಡೆ ಹಲಗೆ ಬಿಗಿದು, ಒಂದು ಕಡೆ ಶಾಂತವ್ವ ಕೂರುವಷ್ಟು ಜಾಗ. ಆಕೆ ಇಲ್ಲದಾಗ ಅದನ್ನೂ ಮುಚ್ಚಲು ಒಂದು ಜಾರುವ ಹಲಗೆ. ಸಿದ್ದು ಒಪ್ಪಲಿಲ್ಲ. ಟೈಲ್ಸಿನ ಲಾರಿ ಹೊರಟಾಗಿದೆ, ಬಂದ ದಿನವೇ ಕುಣಿ ಮುಚ್ಚುವುದು ಅಂದ. ಅಷ್ಟರಲ್ಲಿ ಹೊಳೆ ಬಂತು. ಘಟಪ್ರಭೆಯ ನೀರು ಸೇತುವೆಯ ಮೇಲೆ ಹರಿದು, ಲಾರಿ ಮುಧೋಳದ ಆಚೆ ದಂಡೆಯಲ್ಲೇ ನಿಂತಿತು. "ನನ್ನ ಕುಣಿ ಕಾಯಾಕ ಕೃಷ್ಣವ್ವ ತಂಗೀನ ಕಳಿಸ್ಯಾಳ," ಅಂತ ಶಾಂತವ್ವ ಓಣಿ ತುಂಬ ಹೇಳಿಕೊಂಡಳು. ನೀರು ಇಳಿಯುವುದರೊಳಗೆ ಮೇಜು ಆದರೆ ಕುಣಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಸಿದ್ದು ಅಷ್ಟಕ್ಕೆ ಒಪ್ಪಿದ.

ಕರೆಂಟು ಹೋಗಿತ್ತು. ಪವರ್‌ಲೂಮಿನಿಂದ ಸದಾ ಖಟಖಟ ಅನ್ನುವ ಊರು ಸದ್ದಡಗಿ ಬೆಪ್ಪಾಗಿ ಕೂತಿತ್ತು. ನನ್ನ ಮಷಿನ್ನೂ ಸುಮ್ಮನೆ. ಅಂಗಡಿಯ ಹಿತ್ತಲಲ್ಲಿ, ಶಾಂತವ್ವನ ಮನೆಯ ಎದುರಿಗೇ, ಎಲ್ಲ ಕೈಯಿಂದಲೇ ಆಗಬೇಕು. ನನಗಾದ ದಣಿವನ್ನು ಏನೆಂದು ಹೇಳಲಿ? ಇಷ್ಟು ವರ್ಷದಲ್ಲಿ ಮರೆತ ಕೆಲಸವನ್ನೆಲ್ಲ ಆ ಮುದುಕ ನನ್ನ ಮೈಯಿಂದ ಹಿಂಡಿ ತೆಗೆದ. ಮೇಜಿನ ಕೆಳಮುಖವನ್ನೂ ಮೇಲಿನಷ್ಟೇ ನುಣುಪು ಮಾಡುತ್ತ ಕೂತಿದ್ದ. "ಕೆಳಗ ಯಾರ ನೋಡ್ತಾರೋ ಮಾರಾಯ?" ಎಂದೆ. ಅವನು ತನ್ನ ಮಂಡಿ ತಟ್ಟಿ ತೋರಿಸಿದ. ಕೂತವರ ಮೊಣಕಾಲು ಅಲ್ಲಿಗೇ ತಾಗುತ್ತದೆ. ನಾನು ಬಾಯಿ ಮುಚ್ಚಿ ಉಜ್ಜಿದೆ.

ಅಂಟಿನ ಡಬ್ಬಿ ತೆಗೆದಾಗ ಕೈ ಅಡ್ಡ ಹಿಡಿದ. ಕೀಲುಗಳನ್ನೆಲ್ಲ ಕೊರೆದದ್ದು ಬೆಣೆಗೆ. ಅಪ್ಪನ ಮಗ್ಗದಲ್ಲಿದ್ದಂತೆಯೇ. ನನಗೆ ರೇಗಿತು.

"ನಮ್ಮ ಬಿಸಲಿಗೆ ಬೆಣಿ ಸಡ್ಲ ಆಗ್ತಾವು. ವರ್ಷಾ ಬಂದು ಬಡೀಬೇಕು. ಅಂಟು ಹಚ್ಚಿಬಿಟ್ರ ಮತ್ತ ಬರೂದ ಬ್ಯಾಡ!"

ಫೋನು ಅವನಿಗೆ ಏನು ಹೇಳಿತೋ, ಹೌದೆಂಬಂತೆ ತಲೆ ಆಡಿಸಿದ. ಅವನ ಮಾತನ್ನು ನನಗೆ ಹೀಗೆ ಹೇಳಿತು: "ಹೌದು. ಅಂಟು ಹಚ್ಚಿದರೆ ಯಾರೂ ಮತ್ತೆ ಬರುವುದಿಲ್ಲ. ನನ್ನ ಊರಿನಲ್ಲಿ ನಾನು ಮಾಡಿದ ಮೇಜುಗಳ ಮನೆಗಳಿಗೆ ನಾನು ಹೋಗುತ್ತಿದ್ದೆ."

"ಮತ್ತ ಬರಬಾರದು ಅಂತನ ಅಲ್ಲೇನ ಅಂಟು ಹಚ್ಚೂದು?" ಅಂದೆ. ಮನೆಯ ಕಟ್ಟೆಯಿಂದ ನೋಡುತ್ತಿದ್ದ ಶಾಂತವ್ವ, "ಈ ಫೋನು ಸಾಲಿ ಮಾಸ್ತರನಂಗ ಮಾತಾಡ್ತತಿ, ಆದ್ರ ಖರೆ ಹೇಳ್ತತಿ," ಅಂದಳು. ಅಂಟಿನ ಡಬ್ಬಿ ಒಳಗಿಟ್ಟೆ.

ಮೇಲಿನ ಹಲಗೆಗಾಗಿ ಮಗ್ಗದ ದೊಡ್ಡ ತೊಲೆಯನ್ನು ಆರಿಸಿದೆವು. ನೇಯ್ದ ಸೀರೆ ಸುತ್ತಿಕೊಳ್ಳುವ ತೊಲೆ ಅದು. ಶಾಂತವ್ವನ ಎದೆ ತಾಗಿ ತಾಗಿ ಕನ್ನಡಿಯಾಗಿತ್ತು. ಸೀಳದೆ, ನಡುವಿನಲ್ಲಿ ಹಾಗೇ ಕೂರಿಸಿ ಅಕ್ಕಪಕ್ಕ ಸಣ್ಣ ಹಲಗೆ ಜೋಡಿಸಿದೆವು. ಚಂದವಾಗಿತ್ತು, ಸುಳ್ಳು ಯಾಕೆ ಹೇಳಲಿ. ಹೊತ್ತು ತಂದು ಕುಣಿಯ ಮೇಲೆ ಕೂರಿಸಿ, ಕೆಂಚಪ್ಪ ತಾನೇ ಚಹಾದ ಬಟ್ಟಲು ತಂದು ಅದರ ಮೇಲೆ ಇಟ್ಟ.

ಶಾಂತವ್ವ ಕಿರುಚಿದಳು. "ತಗೀರಿ ಅದನ್ನ! ತಗೀರೋ! ದೇವರ ಮ್ಯಾಲ ಎಂಜಲ ಬಟ್ಟಲಾ ಇಡ್ತೀರಿ? ಸೀರಿ ಸುತ್ತಿದ ತೊಲಿ ಅದು. ಊದಿನಕಡ್ಡಿ ಬೆಳಗಿದ ತೊಲಿ!"

ಬಟ್ಟಲು ತಾನೇ ಎತ್ತಿ ಹೊರಗಿಟ್ಟು, ಸೆರಗಿನಿಂದ ತೊಲೆ ಒರೆಸುತ್ತ ಅತ್ತಳು. ಬಡಿಗರಿಬ್ಬರೂ ಬರೀ ಮರ ನೋಡಿದ್ದೆವು. ಕೆಂಚಪ್ಪ ತನ್ನ ಕೆಲಸವೇ ಕೆಟ್ಟಿತೆಂದು ತಿಳಿದು ಮುಖ ಸಣ್ಣದು ಮಾಡಿಕೊಂಡ. ಫೋನಿನಲ್ಲಿ ನಾನು ತಿಳಿಸಿ ಹೇಳಿದೆ. ಆಮೇಲೆ ಕೊಡತಿ ತೆಗೆದು ಬೆಣೆಗಳನ್ನು ಒಂದೊಂದಾಗಿ ಹಿಂದಕ್ಕೆ ಬಡಿದ. ಗಳಿಗೆಯಲ್ಲಿ ಮೇಜು ಬಿಚ್ಚಿಕೊಂಡಿತು. ಅಂಟು ಹಚ್ಚಿದ್ದರೆ ಗರಗಸವೇ ಬೇಕಾಗುತ್ತಿತ್ತು. ತೊಲೆಯನ್ನು ಎರಡೂ ಕೈಯಿಂದ ಎತ್ತಿ ಆಕೆಯ ಮುಂದೆ ಹಿಡಿದು, ಎಲ್ಲಿ ಎಂದು ಕಣ್ಣಿನಲ್ಲೇ ಕೇಳಿದ.

ಶಾಂತವ್ವ ಮೂಗು ಒರೆಸಿಕೊಂಡಳು. "ಎದಿಗೆ ಹತ್ತಿಕೊಂಡಿತ್ತು ಇಷ್ಟ ವರ್ಷ. ಇನ್ನ ಬೆನ್ನಿಗೆ ಬರಲಿ. ತುಳಿದ ಹಲಗಿ ಕಾಲಿಗೇ ಇರಲಿ."

ತೊಲೆಯನ್ನು ಆಕೆಯ ಬೆನ್ನ ಹಿಂದೆ ಎರಡು ಗಿಡ್ಡ ಕಂಬಗಳಿಗೆ ಕೂರಿಸಿ ಒರಗು ಮಾಡುವುದೆಂದಾಯಿತು. ಕಾಲು ತುಳಿದ ಹಲಗೆ ಕುಣಿಯೊಳಗೇ ಉಳಿಯಿತು. ಮೇಜಿನ ಮೇಲಕ್ಕೆ ಬೇರೆ ಮರ ಬೇಕು. ಅಷ್ಟರಲ್ಲಿ ನೀರು ಇಳಿಯತೊಡಗಿದೆ ಎಂದು ಸುದ್ದಿ ಬಂತು. ಅಪ್ಪ ಎಂದೋ ತಂದಿಟ್ಟ ಜಾಲಿಯ ಹಲಗೆಗಳು ಅಟ್ಟದ ಮೇಲಿದ್ದವು. ಬೀಳಗಿ ಕಡೆ ಹಿನ್ನೀರಿನಲ್ಲಿ ಮುಳುಗಿದ ಯಾರದೋ ಹೊಲದ ಬದುವಿನ ಜಾಲಿ ಅದು. ಇಳಿಸಿದೆ. ಕೆಂಚಪ್ಪ ಮರ ಹೆರೆಯುವ ತನ್ನ ಪುಟ್ಟ ರಂದಾ ಹಚ್ಚಿ ಎಳೆದ. ಅವರ ಮೆತ್ತನೆಯ ಮರಕ್ಕೆ ಒಗ್ಗಿದ ಅಲಗು ನಮ್ಮ ಜಾಲಿಗೆ ಮುಕ್ಕಾಯಿತು. ಮುಕ್ಕಾದ ಅಲಗನ್ನು ಬಿಸಿಲಿಗೆ ಹಿಡಿದು ನೋಡಿ, ಹಲಗೆಗೊಂದು ನಮಸ್ಕಾರ ಹೊಡೆದ.

"ನಮ್ಮ ಜಾಲಿ ನಮ್ಮಂಗ ಐತಿ. ಹಂಗ ಬಗ್ಗೂದಲ್ಲ," ಅಂದಳು ಶಾಂತವ್ವ.

ನಾನು ಅಪ್ಪನ ದೊಡ್ಡ ರಂದಾ ಹುಡುಕಿ ತೆಗೆದೆ. ಅದನ್ನು ಒಬ್ಬನೇ ನಡೆಸಲಾಗದು. ಹಿಂದಿನಿಂದ ಒಬ್ಬ ನೂಕಬೇಕು, ಮುಂದಿನಿಂದ ಇನ್ನೊಬ್ಬ ಹಗ್ಗ ಹಿಡಿದು ಎಳೆಯಬೇಕು. ಎಳೆಯುವವರು ಯಾರೂ ಇಲ್ಲವೆಂದೇ ಅದು ಮೂಲೆ ಸೇರಿತ್ತು. ಕೆಂಚಪ್ಪ ಹಗ್ಗ ನೋಡಿದವನೇ ಹೋಗಿ ಎದುರಿಗೆ ಕೂತ. ಜೀವಮಾನವೆಲ್ಲ ನೂಕಿದವನು ನಾನು, ಜೀವಮಾನವೆಲ್ಲ ಎಳೆದವನು ಅವನು. ಫೋನು ಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಭುಜ ಬಿದ್ದುಹೋಗಿತ್ತು, ಅವನ ಅಂಗೈ ಬೊಬ್ಬೆ ಎದ್ದಿತ್ತು, ಹಲಗೆ ಮಾತ್ರ ಕೆನೆಯ ಹಾಗೆ ಆಗಿತ್ತು.

ಟೈಲ್ಸಿನ ಲಾರಿ ಓಣಿಗೆ ಬಂದ ಬೆಳಿಗ್ಗೆ ನಾವು ಕೊನೆಯ ಬೆಣೆ ಬಡಿಯುತ್ತಿದ್ದೆವು. ಸಿದ್ದು ಬಾಗಿಲಲ್ಲಿ ನಿಂತು ನೋಡಿದ. ಶಾಂತವ್ವ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಕುಣಿಯಲ್ಲಿ ಕಾಲು ಇಳಿಬಿಟ್ಟಳು. ಬೆನ್ನು ತೊಲೆಗೆ ತಾಗಿತು. ಮೊಮ್ಮಗಳು ಮೇಜಿನ ಮೇಲೆ ಹತ್ತಿ ಕುಣಿದಳು, ಬೀಳಲು ಜಾಗವಿರಲಿಲ್ಲ. ಸವಿತಾ ಒಳಗೆ ಹೋಗಿ ಚಹಾ ತಂದು ಅತ್ತೆಯ ಮುಂದೆ ಜಾಲಿಯ ಹಲಗೆಯ ಮೇಲೆ ಇಟ್ಟಳು. ಶಾಂತವ್ವ ಕುಡಿದಳು. ಸಿದ್ದು ಹೊರಗೆ ಹೋಗಿ, "ಆ ಖೋಲಿ ಬಿಟ್ಟು ಉಳಿದಲ್ಲಿ ಹಾಕ್ರಿ," ಎಂದು ಟೈಲ್ಸ್ ಕೂರಿಸುವ ಗೌಂಡಿಗೆ ಹೇಳಿದ್ದು ಕೇಳಿಸಿತು.

ಕೆಂಚಪ್ಪ ಗಣಪತಿ ಕೂರುವ ಮೊದಲೇ ಊರಿಗೆ ಹೋದ. ನಾನು ನನ್ನ ಪ್ಲೈವುಡ್ಡಿಗೆ ಮರಳಿದೆ. ಚೈತ್ರದ ಬಿಸಿಲಿಗೆ ಮೇಜು ಕರಕರ ಅನ್ನತೊಡಗಿದ್ದೇ ಶಾಂತವ್ವನ ಕರೆ ಬಂತು. ಬೈದುಕೊಳ್ಳುತ್ತ ಅಪ್ಪನ ಕೊಡತಿ ಹಿಡಿದು ಹೋದೆ. ಬೆಣೆ ಬಡಿದೆ. ಹೋಳಿಗೆ ಕಟ್ಟಿಕೊಟ್ಟಳು. ಅಂದಿನಿಂದ ಪ್ರತಿ ಯುಗಾದಿಗೂ ಇದೇ. ಇಡೀ ಊರಿನಲ್ಲಿ ನಾನು ಮತ್ತೆ ಹೋಗುವ ಮನೆ ಅದೊಂದೇ ಆಗಿತ್ತು. ಬೆಣೆಯ ಫೋಟೋ ಯೂಕಾಳ ಫೋನಿಗೆ ಕಳಿಸುತ್ತಿದ್ದೆ. ಆ ಕಡೆಯಿಂದ ಬಗ್ಗಿ ನಮಸ್ಕರಿಸುವ ಮುದುಕನ ಫೋಟೋ ಬರುತ್ತಿತ್ತು.

ಶಾಂತವ್ವ ಈ ಸಲದ ಚಳಿಯಲ್ಲಿ ಹೋದಳು. ಕುಣಿಯಲ್ಲಿ ಕೂತೇ, ತೊಲೆಗೆ ಒರಗಿಯೇ ಹೋದಳು. ಯುಗಾದಿ ಬಂತು. ನಾನು ಹೋಗಲಿಲ್ಲ. ಇನ್ನು ಯಾರಿಗೆ ಬೇಕು ಆ ಮೇಜು? ಜಮಖಂಡಿಯ ಡಾಕ್ಟರು ಕೊಡತಿ ಎತ್ತಬೇಡಿ ಎಂದೂ ಹೇಳಿದ್ದರು. ಬಿಡುಗಡೆ ಆಯಿತು ಅಂದುಕೊಂಡೆ. ಅಂದುಕೊಂಡ ಬಿಡುಗಡೆಯಿಂದ ಮನಸ್ಸು ಹಗುರಾಗಲಿಲ್ಲ, ಅದು ಬೇರೆ ಮಾತು.

ಮೊನ್ನೆ ಕಲ್ಲಿನ ಮೇಲೆ ಕೂತು ಇದನ್ನೆಲ್ಲ ನೆನೆಯುತ್ತಿದ್ದಾಗಲೇ ಸವಿತಾಳ ಫೋನು ಬಂತು. "ಕಾಕಾ, ಒಂದೀಟ ಮನೀಗೆ ಬಂದು ಹೋಗ್ರಿ." ಮೇಜು ಒಯ್ಯಲು ಕರೆಯುತ್ತಿದ್ದಾಳೆ ಎಂದುಕೊಂಡೆ. ಬಿಚ್ಚಲು ಕೊಡತಿ ಬೇಕಲ್ಲ, ಹಿಡಿದುಕೊಂಡು ಹೊರಟೆ.

ಬಾಗಿಲು ತೆರೆದಿತ್ತು. ಸವಿತಾ ಕುಣಿಯಲ್ಲಿ ಕಾಲು ಇಳಿಬಿಟ್ಟು, ತೊಲೆಗೆ ಬೆನ್ನು ಕೊಟ್ಟು ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಮಗಳು ಸಾಲೆಯ ಅಭ್ಯಾಸ ಬರೆಯುತ್ತಿದ್ದಳು. ಗದ್ದದ ಹೊಲಿಗೆಯ ಗುರುತು ಹಾಗೇ ಇತ್ತು.

"ಯಾಕ ಬರಲಿಲ್ರಿ ಹಬ್ಬಕ್ಕ? ಕರಕರ ಅಂತ ಕೂಸಿಗೆ ಬರ್ಯಾಕ ಬರವಲ್ದು," ಅಂದಳು. "ನಾ ಶೆಡ್ಡಿನ್ಯಾಗ ನಿಂತು ನಿಂತು ಬೆನ್ನ ಹೋಗೇತ್ರಿ ಕಾಕಾ. ಇಲ್ಲಿ ಕುಂತ್ರ ಅಷ್ಟ ಜೀವಕ್ಕ ಸಮಾಧಾನ."

ಸಡಿಲಾದ ಬೆಣೆ ಹುಡುಕಿದೆ. ಬಗ್ಗಿ ಕೊಡತಿ ಎತ್ತಿದೆ. ಭುಜ ಮೇಲೇಳಲಿಲ್ಲ. ಮತ್ತೆ ಎತ್ತಿದೆ, ಆಗಲಿಲ್ಲ. ಸವಿತಾ ನೋಡಿದಳು. ಎದ್ದು ಬಂದು ಕೊಡತಿ ಇಸಿದುಕೊಂಡಳು.

"ಎಲ್ಲಿ ಬಡೀಬೇಕು ತೋರಸ್ರಿ."

ಬೆರಳಿಟ್ಟು ತೋರಿಸಿದೆ. ಮೊದಲ ಏಟು ಅಡ್ಡ ಬಿತ್ತು. ಮೆಲ್ಲಗವ್ವ, ನೇರ ಹೊಡಿ, ಅಂದೆ. ಆಮೇಲೆ ಸರಿಯಾಗಿ ಬಡಿದಳು. ಒಂದೊಂದೇ ಬೆಣೆ ಒಳಗೆ ಸರಿಯಿತು. ಮಗಳು ಕೈಯೂರಿ ಮೇಜು ಅಲುಗಿಸಿ ನೋಡಿ, ಸದ್ದಿಲ್ಲ ಅಂದಳು. ಕೊಡತಿ ಹಿಡಿದ ಸವಿತಾಳ ಫೋಟೋ ತೆಗೆದು ಜಪಾನಿಗೆ ಕಳಿಸಿದೆ.

"ದಣದೀರಿ ಕಾಕಾ. ಕುಂದರ್ರಿ ಇಲ್ಲಿ. ಕಾಲ ಇಳಿಬಿಡ್ರಿ. ಹೋಳಿಗಿ ತರ್ತೇನಿ," ಅಂದಳು.

ಇಷ್ಟು ವರ್ಷದಲ್ಲಿ ನಾನು ಅಲ್ಲಿ ಒಮ್ಮೆಯೂ ಕೂತಿರಲಿಲ್ಲ. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕೂತು ಕಾಲು ಇಳಿಬಿಟ್ಟೆ. ಶಾಂತವ್ವ ತುಳಿದು ಸವೆದ ಹಲಗೆ ಅಂಗಾಲಿಗೆ ತಣ್ಣಗೆ ಸಿಕ್ಕಿತು. ಮೊಣಕಾಲಿಗೆ ಮೇಜಿನ ಕೆಳಮುಖ ತಾಗಿತು, ನುಣುಪಾಗಿತ್ತು. ಬೆನ್ನು ತೊಲೆಗೆ ಒರಗಿತು.

ಸವಿತಾ ತಾಟು ತಂದಿಟ್ಟು ಹೇಳಿದಳು. "ಮುಂದಿನ ವರ್ಷ ಬಡಿಯೂದ ನಾ ಬಡೀತೇನಿ. ಎಲ್ಲಿ ಸಡ್ಲ ಆಗೇತಿ ನೋಡಾಕಾದ್ರೂ ನೀವು ಬರಬೇಕ ಮತ್ತ."

"ಬರ್ತೇನವಾ," ಅಂದೆ.